ಆಳವಿಲ್ಲದ ಕಡಲಲ್ಲಿ ಗಾಳ: ಫ್ಲಾರಿಡಾ ಕೀಸ್‌ನ ಮೀನು ಪ್ರವಾಸ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ನೈಋತ್ಯಕ್ಕೆ ಬಾಗಿಕೊಂಡು ಹರಡಿರುವ ಕೀಸ್ ದ್ವೀಪಮಾಲೆಗೆ ವರ್ಷವರ್ಷವೂ ಬರುವ ಪ್ರವಾಸಿಗರಲ್ಲಿ ಒಂದು ವರ್ಗದವರು, ಮೊಣಕಾಲಿನಿಂದ ಎದೆಮಟ್ಟದವರೆಗಿನ ಬೆಚ್ಚನೆಯ ಉಪ್ಪುನೀರಿನಲ್ಲಿ ಮೀನನ್ನು ಕಣ್ಣಾರೆ ಕಂಡು, ಅದರ ಎದುರಿಗೆ ಗಾಳ ಬೀಸಿ, ಹಿಡಿದ ಮೇಲೆ ಮರಳಿ ಕಡಲಿಗೇ ಬಿಡುವುದಕ್ಕೆಂದು ಬರುತ್ತಾರೆ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಫ್ಲಾರಿಡಾ ಕೊಲ್ಲಿ. ಇವೆರಡರ ಅಂಚಿನಲ್ಲಿ ಕಡಲಹುಲ್ಲು, ಮರಳು ಮತ್ತು ಕೆಸರಿನ ಸಮತಟ್ಟಾದ ಬಯಲುಗಳು ತೆಳುವಾದ ನೀರಿನಡಿ ಹರಡಿಕೊಂಡಿವೆ. ‘ಫ್ಲ್ಯಾಟ್ಸ್’ ಎಂದು ಕರೆಯಲಾಗುವ ಈ ಬಯಲುಗಳಿಗೆ ಉಬ್ಬರದ ನೀರು ಏರಿದಂತೆ ಏಡಿ, ಸಿಗಡಿಗಳನ್ನು ಅರಸಿ ದೊಡ್ಡ ಮೀನುಗಳು ಬರುತ್ತವೆ, ಇಳಿತದೊಂದಿಗೆ ಆಳಕ್ಕೆ ಸರಿಯುತ್ತವೆ. ಆದ್ದರಿಂದ ಇಲ್ಲಿ ರಜೆಯ ದಿನಚರಿಯನ್ನು ಗೊತ್ತುಮಾಡುವುದು ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತದ ವೇಳಾಪಟ್ಟಿಯೇ.

ಆಳಸಮುದ್ರದ ಗಾಳಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಬಯಲನ್ನು ತಲುಪಿದೊಡನೆ ಯಂತ್ರವನ್ನು ನಿಲ್ಲಿಸಲಾಗುತ್ತದೆ. ದೋಣಿಯ ಹಿಂಭಾಗದಲ್ಲಿ, ಯಂತ್ರದ ಮೇಲೆಯೇ ಕಟ್ಟಿದ ಎತ್ತರದ ಅಟ್ಟಣೆಯಲ್ಲಿ ನಿಂತ ಸ್ಥಳೀಯ ಮಾರ್ಗದರ್ಶಕ ಉದ್ದನೆಯ ಜಲ್ಲೆಯಿಂದ ದೋಣಿಯನ್ನು ಸದ್ದಿಲ್ಲದೆ ತಳ್ಳುತ್ತಾ ನೀರನ್ನು ದಿಟ್ಟಿಸುತ್ತಾನೆ. ಮೀನು ಕಂಡ ದಿಕ್ಕನ್ನು ಅವನು ಗಡಿಯಾರದ ಅಂಕಿಗಳಲ್ಲಿ ಸೂಚಿಸುತ್ತಾನೆ: ದೋಣಿಯ ಮೂತಿಯನ್ನು ಹನ್ನೆರಡು ಎಂದಿಟ್ಟುಕೊಂಡರೆ ಹತ್ತು ಗಂಟೆಯೆಂದರೆ ಎಡಮುಂದು. ನೀರಿನ ಮೇಲಣ ಪ್ರತಿಫಲನವನ್ನು ತಡೆಯುವ ಪೋಲರಾಯ್ಡ್ ಕನ್ನಡಕವಿಲ್ಲದೆ ಈ ಕೆಲಸ ಬಹುಮಟ್ಟಿಗೆ ಅಸಾಧ್ಯ. ಪ್ರವಾಸಿಗನು ತೆರುವ ಹಣದ ಬಹುಪಾಲು ಸಲ್ಲುವುದು ಈ ಕಣ್ಣಿಗೆ, ತಲೆಯಲ್ಲಿ ಕೂಡಿಟ್ಟ ನೀರಿನ ನಕ್ಷೆಗೆ; ಅದು ನ್ಯಾಯವೂ ಹೌದು.

ಇಲ್ಲಿ ಅರಸುವ ಮೀನುಗಳು ಮುಖ್ಯವಾಗಿ ಮೂರು. ಬೋನ್‌ಫಿಶ್ ಬೆಳ್ಳಿಯ ಬಣ್ಣದ, ತಳವನ್ನು ಮೂತಿಯಿಂದ ಕೆದಕುತ್ತಾ ಬಾಲವನ್ನು ನೀರಿನ ಮೇಲೆ ಆಡಿಸುವ, ಗಾಳ ತಗುಲಿದೊಡನೆ ದಾರವನ್ನು ಎಳೆದುಕೊಂಡು ದೂರ ಧಾವಿಸುವ ಮೀನು. ಪರ್ಮಿಟ್ ಏಡಿಗಳನ್ನು ತಿನ್ನುವ, ಅಗಲ ಮೈಯ, ಬಹಳ ಸಂಶಯದ ಮೀನು. ಮೂರನೆಯದಾದ ಟಾರ್ಪನ್ ಬಗ್ಗೆ ಮಾತ್ರ ಹೆಚ್ಚು ಹೇಳಬೇಕಾಗುತ್ತದೆ. ಎರಡು ಮೀಟರಿಗೂ ಹೆಚ್ಚು ಉದ್ದ, ನೂರು ಕಿಲೋಗೂ ಹೆಚ್ಚು ತೂಕ ಬೆಳೆಯಬಲ್ಲ, ಅರ್ಧ ಶತಮಾನಕ್ಕೂ ಮಿಕ್ಕಿ ಬದುಕಬಲ್ಲ ಈ ಮೀನಿನ ಗಾಳಿಚೀಲ, ಎಂದರೆ ಮೀನಿಗೆ ನೀರಿನಲ್ಲಿ ತೇಲುವ ಶಕ್ತಿ ಕೊಡುವ ಒಳಚೀಲ, ಶ್ವಾಸಕೋಶದಂತೆಯೂ ಕೆಲಸ ಮಾಡುತ್ತದೆ. ಹೀಗಾಗಿ ಅದು ಆಗಾಗ ಮೇಲೆ ಬಂದು ಹೊರಳಿ ಗಾಳಿಯನ್ನು ನುಂಗುತ್ತದೆ. ದೂರದ ಆಳದಲ್ಲಿ ಹುಟ್ಟಿ ಪ್ರವಾಹದೊಂದಿಗೆ ತೀರ ಸೇರುವ ಅದರ ಮರಿಗಳು ಕಾಂಡ್ಲಾ ಗಿಡಗಳ ನಡುವಿನ, ಆಮ್ಲಜನಕ ಕಡಿಮೆಯಿರುವ ನಿಂತ ನೀರಿನಲ್ಲಿ ಇತರ ಬೇಟೆಗಾರ ಮೀನುಗಳಿಂದ ತಪ್ಪಿಸಿಕೊಂಡು ಬೆಳೆಯುವುದೂ ಈ ಸಾಮರ್ಥ್ಯದಿಂದಲೇ. ವಸಂತದಿಂದ ಬೇಸಿಗೆಯ ಆರಂಭದವರೆಗೆ ಇವು ಹಿಂಡುಹಿಂಡಾಗಿ ಕೀಸ್ ಮೂಲಕ ಹಾಯುತ್ತವೆ. ಗಾಳಕ್ಕೆ ಸಿಕ್ಕ ಟಾರ್ಪನ್ ನೀರಿನಿಂದ ಪೂರ್ತಿ ಮೇಲಕ್ಕೆ ನೆಗೆದು ತಲೆ ಕೊಡವಿದಾಗ, ಗಾಳದ ಕೋಲನ್ನು ಮೀನಿನತ್ತ ಬಗ್ಗಿಸಿ ದಾರವನ್ನು ಸಡಿಲಿಸದಿದ್ದರೆ ದಾರ ಹರಿಯುವುದು ಬಹುತೇಕ ಖಚಿತ.

ಈ ಹವ್ಯಾಸಕ್ಕೆ ಶತಮಾನ ಮೀರಿದ ಇತಿಹಾಸವಿದೆ. ಉದ್ಯಮಿ ಹೆನ್ರಿ ಫ್ಲ್ಯಾಗ್ಲರ್ ಕಟ್ಟಿಸಿದ ರೈಲುಮಾರ್ಗ 1912ರಲ್ಲಿ ಕೀ ವೆಸ್ಟ್ ತಲುಪಿತು. ಅದೇ ಮಾರ್ಗದ ಲಾಂಗ್ ಕೀ ದ್ವೀಪದಲ್ಲಿ ಎದ್ದ ಮೀನುಗಾರಿಕಾ ಶಿಬಿರ ಕಾದಂಬರಿಕಾರ ಝೇನ್ ಗ್ರೇ ಅವರಂಥವರನ್ನು ಸೆಳೆಯಿತು. 1935ರ ಭೀಕರ ಚಂಡಮಾರುತ ಶಿಬಿರವನ್ನೂ ಹಳಿಗಳನ್ನೂ ಕೊಚ್ಚಿಕೊಂಡು ಹೋದರೂ ಆ ಅಭಿರುಚಿ ಉಳಿಯಿತು. ಮೊದಮೊದಲು ಹಿಡಿದ ಮೀನನ್ನು ತೂಗುಹಾಕಿ ಚಿತ್ರ ತೆಗೆಸಿಕೊಳ್ಳುವುದೇ ಗೌರವವಾಗಿತ್ತು; ಈಗ ಕಾನೂನೇ ಬೇರೆ. 2013ರಿಂದ ಫ್ಲಾರಿಡಾದಲ್ಲಿ ಟಾರ್ಪನ್ ಮೀನನ್ನು ವಿಶ್ವದಾಖಲೆಯ ಪ್ರಯತ್ನಕ್ಕಾಗಿ ವಿಶೇಷ ಪರವಾನಗಿ ಪಡೆದವರ ಹೊರತು ಯಾರೂ ಇಟ್ಟುಕೊಳ್ಳುವಂತಿಲ್ಲ, ಸುಮಾರು ಒಂದು ಮೀಟರಿಗಿಂತ ಉದ್ದದ ಮೀನನ್ನು ನೀರಿನಿಂದ ಎತ್ತುವಂತೆಯೂ ಇಲ್ಲ.

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದು ಭಾವಿಸುವುದು ಮಾತ್ರ ತಪ್ಪು. ಬಹಳ ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಆಮ್ಲ ಕೂಡಿಕೊಂಡು ಅದು ಬಸವಳಿಯುತ್ತದೆ, ಆಗ ಸುತ್ತಲೇ ಸುಳಿಯುವ ಶಾರ್ಕ್‌ಗಳಿಗೆ ಸುಲಭವಾಗಿ ಬಲಿಯಾಗುತ್ತದೆ. ಸಮತೋಲ ತಪ್ಪಿದ ಬೋನ್‌ಫಿಶ್ ಬೇಟೆಯಾಗುವ ಸಂಭವ ಹಲವು ಪಟ್ಟು ಹೆಚ್ಚೆಂದು ಸಂಶೋಧನೆಗಳು ತೋರಿಸಿವೆ. ಆದ್ದರಿಂದಲೇ ಬಲವಾದ ಕೋಲು ಹಿಡಿದು ಸೆಣಸಾಟವನ್ನು ಬೇಗ ಮುಗಿಸುವುದು, ಕೊಕ್ಕೆಯ ಎದುರುಮುಳ್ಳನ್ನು ಚಪ್ಪಟೆ ಮಾಡುವುದು, ಒದ್ದೆ ಕೈಯಿಂದಲೇ ಮೀನನ್ನು ಮುಟ್ಟುವುದು, ಶಾರ್ಕ್ ಕಂಡರೆ ದಾರವನ್ನು ಸಡಿಲಿಸಿಯೋ ಕತ್ತರಿಸಿಯೋ ಮೀನನ್ನು ಬಿಟ್ಟುಬಿಡುವುದು ಒಳ್ಳೆಯ ಮಾರ್ಗದರ್ಶಕರ ಶಿಸ್ತಾಗಿದೆ. ಚಿತ್ರಕ್ಕಾಗಿ ಮೀನನ್ನು ಬಿಸಿಲಿನಲ್ಲಿ ಎತ್ತಿ ಹಿಡಿಯುವ ಪ್ರವಾಸಿಗನು ಈ ಪರಿಶ್ರಮವನ್ನೆಲ್ಲ ಕೆಲವೇ ಕ್ಷಣಗಳಲ್ಲಿ ಹಾಳುಮಾಡಬಲ್ಲ. ಹಿಡಿದು ಬಿಡುವ ಪದ್ಧತಿ ಕನ್ನಡಿಗರಿಗೂ ಹೊಸದಲ್ಲ. ಕಾವೇರಿಯ ಭೀಮೇಶ್ವರಿ ಪ್ರದೇಶದ ಮಹಶೀರ್ ಶಿಬಿರಗಳು ಇದೇ ನಿಯಮದಡಿ ದಶಕಗಳ ಕಾಲ ನಡೆದಿದ್ದವು.

ಕೀಸ್‌ನ ಮೀನುಗಳಿಗೆ ಗಾಳಕ್ಕಿಂತ ದೊಡ್ಡ ಅಪಾಯ ನೀರಿನಿಂದಲೇ ಒದಗಿದೆ. ಎವರ್‌ಗ್ಲೇಡ್ಸ್ ಎಂಬ ವಿಶಾಲ ಜೌಗುನಾಡಿನಿಂದ ಫ್ಲಾರಿಡಾ ಕೊಲ್ಲಿಗೆ ಹರಿಯುತ್ತಿದ್ದ ಸಿಹಿನೀರನ್ನು ಕೃಷಿಗೂ ನಗರಗಳ ರಕ್ಷಣೆಗೂ ಕಾಲುವೆಗಳ ಮೂಲಕ ಬೇರೆಡೆ ತಿರುಗಿಸಿದ್ದರಿಂದ, ಮಳೆ ಕಡಿಮೆಯಾದ ವರ್ಷಗಳಲ್ಲಿ ಕೊಲ್ಲಿಯ ಉಪ್ಪಿನಂಶ ಕಡಲಿನದಕ್ಕಿಂತಲೂ ಹೆಚ್ಚುತ್ತದೆ. 1987ರಲ್ಲಿ ಆರಂಭವಾಗಿ ಮುಂದುವರಿದ, 2015ರಲ್ಲಿ ಮರುಕಳಿಸಿದ ಕಡಲಹುಲ್ಲಿನ ಸಾವಿಗೆ ಈ ಉಪ್ಪು, ಬಿಸಿ ಮತ್ತು ಆಮ್ಲಜನಕದ ಕೊರತೆ ಕೂಡಿದ್ದೇ ಕಾರಣ. ಹುಲ್ಲು ಸತ್ತಲ್ಲಿ ಏಡಿ, ಸಿಗಡಿಗಳಿಗೂ ನೆಲೆ ತಪ್ಪುತ್ತದೆ. ಸಿಹಿನೀರಿನ ಹರಿವನ್ನು ಮರಳಿ ದಕ್ಷಿಣಕ್ಕೆ ತರುವ ಬೃಹತ್ ಯೋಜನೆಗೆ ಅಮೆರಿಕದ ಸಂಸತ್ತು 2000ದಲ್ಲಿ ಒಪ್ಪಿಗೆ ನೀಡಿತು. ಹರಿವಿಗೆ ಒಡ್ಡಿನಂತೆ ಅಡ್ಡನಿಂತಿದ್ದ ಟಾಮಿಯಾಮಿ ಹೆದ್ದಾರಿಯ ಒಂದು ಭಾಗವನ್ನು 2013ರಲ್ಲಿ ಸೇತುವೆಯಾಗಿ ಎತ್ತರಿಸಿ, ನೀರು ಅದರಡಿಯಲ್ಲಿ ಹಾಯುವಂತೆ ಮಾಡಲಾಯಿತು. ಕೆಲಸ ಇನ್ನೂ ಬಹಳ ಬಾಕಿಯಿದೆ, ಅದು ಬೇಗ ಸಾಗಬೇಕೆಂದು ಗಟ್ಟಿಯಾಗಿ ಒತ್ತಾಯಿಸುತ್ತಿರುವವರಲ್ಲಿ ಜಲ್ಲೆ ಹಿಡಿದು ಬದುಕುವ ಈ ದೋಣಿಯವರೂ ಸೇರಿದ್ದಾರೆ.