ಬೆಳಿ, ಬ್ಯಾಳಿ ಮತ್ತು ಇಂಗ್ಲಿಷ್ ಸ್ವರ

ಹೊಲದಾಗ ಇದ್ದರೆ ತೊಗರಿ 'ಬೆಳಿ', ಒಲಿಮ್ಯಾಲ ಕುದ್ದರೆ ತೊಗರಿ 'ಬ್ಯಾಳಿ'. ಬೀದರಿನ ಮಗುವಿಗೆ ಶಾಲೆ ಸೇರುವ ಮೊದಲೇ ಈ ವ್ಯತ್ಯಾಸ ಗೊತ್ತು. ಬರಹದಲ್ಲಿ ಬೆಳೆಗೂ ಬೇಳೆಗೂ ನಡುವೆ ಇರುವುದು ಒಂದು ದೀರ್ಘ. ಈ ಸೀಮೆಯ ಬಾಯಲ್ಲಿ ಅದೇ ದೀರ್ಘ ಅಗಲವಾಗಿ 'ಯಾ' ಆಗುತ್ತದೆ. ಇದನ್ನು ಅಶುದ್ಧವೆಂದು ತಿದ್ದುವವರಿದ್ದಾರೆ. ಇಂಗ್ಲಿಷ್ ಕಲಿಸುವವರಿಗೆ ಇದೊಂದು ನಿಧಿ ಎನ್ನುತ್ತೇನೆ ನಾನು. ಹಾಸಿಗೆಯ 'ಬೆಡ್' ಬೇರೆ, ಕೆಟ್ಟದ್ದರ 'ಬ್ಯಾಡ್' ಬೇರೆ ಎಂದು ತೋರಿಸಲು, ದಿನಕ್ಕೆ ನೂರು ಸಲ 'ಬ್ಯಾಡ' ಅನ್ನುವ ಮಗುವಿಗೆ ಹೊಸ ಸ್ವರ ಕಲಿಸಬೇಕಿಲ್ಲ. ಇರುವುದನ್ನೇ ತುಸು ಮೊಟಕು ಮಾಡಿಸಿದರೆ ಸಾಕು.

ಮಹಾರಾಷ್ಟ್ರದ ಗಡಿಗೆ ಅಂಟಿದ ಔರಾದ್ ಕಡೆ ಮನೆಮಾತು ಮರಾಠಿಯಾಗಿರುವ ಮಕ್ಕಳು ಬಹಳ. ಮರಾಠಿ ಬರಹದಲ್ಲಿ ಎ–ಏ, ಒ–ಓ ಎಂಬ ಜೋಡಿಗಳಿಲ್ಲ. ಬರೆಯುವ ಪೆನ್ನಿಗೂ ನೋವೆಂಬ 'ಪೇನ್'ಗೂ ಒಂದೇ ಗುರುತು. ಆದರೆ 'ಡಾಕ್ಟರ್' ಬರೆಯುವಾಗ ಮರಾಠಿ ತಲೆಯ ಮೇಲೊಂದು ಅರ್ಧಚಂದ್ರ ಇಟ್ಟು, ತುಟಿ ದುಂಡಾಗಬೇಕೆಂದು ಸೂಚಿಸುತ್ತದೆ. ಕನ್ನಡ ಅಲ್ಲಿ 'ಆ' ಬರೆದು ಸುಮ್ಮನಾಗುತ್ತದೆ. ಎರಡೂ ನುಡಿ ಬಲ್ಲ ಗಡಿಯ ಮಗುವಿನ ಬಳಿ ಕನ್ನಡದ ಜೋಡಿಗಳೂ ಇವೆ, ಮರಾಠಿಯ ದುಂಡು ಸ್ವರವೂ ಇದೆ.

ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಇಲ್ಲಿಯವರು ಇಂದಿಗೂ ನೆನೆಯುತ್ತಾರೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ಒಳಗಿನ ಮಕ್ಕಳ ಕಾಗುಣಿತದಲ್ಲೋ ಹ್ರಸ್ವ, ದೀರ್ಘ ಎರಡಕ್ಕೂ ಬೇರೆ ಬೇರೆ ಗುರುತು. ಇಂಗ್ಲಿಷಿನಲ್ಲಿ ಸ್ವರಾಕ್ಷರ 5, ಬ್ರಿಟಿಷ್ ಉಚ್ಚಾರಣೆಯ ಸ್ವರಗಳು ಸುಮಾರು 20. ಅಂಥ ಬರಹದ ಮುಂದೆ ಕಾಗುಣಿತದಲ್ಲಿ ಪಳಗಿದ ಕಿವಿ ದೊಡ್ಡ ಆಸರೆ.

ಆಸರೆಯಷ್ಟೇ, ಪೂರ್ತಿ ಉತ್ತರವಲ್ಲ. ಹಡಗು 'ಶಿಪ್', ಕುರಿ 'ಶೀಪ್'. ನಮ್ಮ ಇ, ಈ ಬೇರೆಯಾಗುವುದು ಮುಖ್ಯವಾಗಿ ಮಾತ್ರೆಯ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ನಾಲಿಗೆಯ ಜಾಗವೇ ಬದಲಾಗುತ್ತದೆ. ಕನ್ನಡಿ ಹಿಡಿದು ನೋಡಿ: 'ಶೀಪ್' ಅಂದರೆ ತುಟಿ ನಕ್ಕಂತೆ ಅಗಲವಾಗುತ್ತದೆ, ನಾಲಿಗೆ ಮೇಲಕ್ಕೆ ಬಿಗಿಯುತ್ತದೆ. 'ಶಿಪ್' ಅಂದರೆ ಎರಡೂ ಸಡಿಲ, ನಾಲಿಗೆ ಒಂದು ಕೂದಲೆಳೆ ಕೆಳಗೆ. ಇನ್ನು ಮಣಿ ಎಂಬರ್ಥದ 'ಬೀಡ್', ಹೊಡೆತದ 'ಬೀಟ್' ತೆಗೆದುಕೊಳ್ಳಿ. ಎರಡರಲ್ಲೂ ದೀರ್ಘ ಸ್ವರವೇ. ಆದರೂ ಇಂಗ್ಲಿಷರ ಬಾಯಲ್ಲಿ ಡಕಾರದ ಮುಂದೆ ಅದು ಹಾಯಾಗಿ ಎಳೆಯುತ್ತದೆ, ಟಕಾರದ ಮುಂದೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಒಮ್ಮೆ ಮೇಜು ತಟ್ಟುತ್ತ ಹೇಳಿಸಿದರೆ ಮಕ್ಕಳೇ ಇದನ್ನು ಹಿಡಿಯುತ್ತಾರೆ.