ಹಿಡಿದದ್ದು ಯಾರು?
ಮೂರ್ಛೆ ರೋಗದ ಹೆಸರಿನ ಹಿಂದೊಂದು ಕಥೆ

ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತು. ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾಳೆ. ಕೈಕಾಲು ಸೆಟೆದು ಅದುರುತ್ತವೆ, ಬಾಯಲ್ಲಿ ನೊರೆ. ‘ಬೀಗದಕೈ ತನ್ನಿ’, ‘ಈರುಳ್ಳಿ ಮೂಸಿಸಿ’ ಎಂಬ ಕೂಗು. ಎರಡು ಮೂರು ನಿಮಿಷದಲ್ಲಿ ಅದುರುವುದು ತಾನಾಗಿಯೇ ನಿಲ್ಲುತ್ತದೆ. ಕೈಗೆ ಕಬ್ಬಿಣ ಕೊಟ್ಟಿದ್ದರಿಂದ ನಿಂತಿತೆಂದು ಎಲ್ಲರೂ ನಂಬುತ್ತಾರೆ. ಮರುದಿನ ತರಗತಿಯಲ್ಲಿ ಅವಳ ಪಕ್ಕದ ಜಾಗ ಖಾಲಿ.

ಜನ ಮೂರ್ಛೆ ರೋಗ, ಅಪಸ್ಮಾರ, ಫಿಟ್ಸ್ ಎನ್ನುವ ಈ ಕಾಯಿಲೆಗೆ ವೈದ್ಯರು ಹೇಳುವ ಹೆಸರು ‘ಎಪಿಲೆಪ್ಸಿ’. ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಹೆಚ್ಚುಕಡಿಮೆ ಇದೇ ಪದ. ಸ್ಪ್ಯಾನಿಷ್ ಮತ್ತು ರಷ್ಯನ್ನರಿಗೆ ಅದು ‘ಎಪಿಲೆಪ್ಸಿಯಾ’. ಎಲ್ಲಕ್ಕೂ ಮೂಲ ಗ್ರೀಕ್. ಅಲ್ಲಿ ‘ಎಪಿ’ ಎಂದರೆ ಮೇಲೆ, ‘ಲಂಬಾನೈನ್’ ಎಂದರೆ ಹಿಡಿಯುವುದು. ಮೇಲೆರಗಿ ಹಿಡಿಯುವುದೇ ಎಪಿಲೆಪ್ಸಿ. ಇಂಗ್ಲಿಷ್ ಪಾಠದಲ್ಲಿ ಬರುವ ‘ಸಿಲಬಲ್’, ‘ಡೈಲೆಮಾ’ ಪದಗಳೂ ಇದೇ ಧಾತುವಿನಿಂದ ಹುಟ್ಟಿದವು.

ಹಿಡಿದದ್ದು ಯಾರು? ದೇವರು ಅಥವಾ ದೆವ್ವ ಎಂಬುದು ಹಳೆಯ ಗ್ರೀಕರಲ್ಲಿ ಅನೇಕರ ಉತ್ತರ. ನಮ್ಮಲ್ಲೂ ಮಗುವಿಗೆ ಸೆಳವು ಬಂದರೆ ‘ಬಾಲಗ್ರಹ’ ಎನ್ನುತ್ತಿದ್ದರು. ‘ಗ್ರಹ’ ಎಂದರೂ ಹಿಡಿಯುವುದೇ! ದೂರದ ಎರಡು ನಾಡುಗಳು ಒಂದೇ ಭಯಕ್ಕೆ ಒಂದೇ ಬಗೆಯ ಹೆಸರಿಟ್ಟವು. ಆಯುರ್ವೇದದ ‘ಅಪಸ್ಮಾರ’ ಮಾತ್ರ ಕಣ್ಣಿಗೆ ಕಂಡ ಲಕ್ಷಣವನ್ನು ಹೇಳುತ್ತದೆ: ಸ್ಮೃತಿ ತಪ್ಪುವುದು.

ಈ ಭಯವನ್ನು ಮೊದಲು ಪ್ರಶ್ನಿಸಿದವರಲ್ಲಿ ಗ್ರೀಕ್ ವೈದ್ಯರೂ ಇದ್ದರು. ಕ್ರಿ.ಪೂ. 400ರ ಸುಮಾರಿನ, ಹಿಪೊಕ್ರೇಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥವೊಂದು ಇದು ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಇದರ ನೆಲೆ ಮಿದುಳು ಎಂದು ವಾದಿಸಿತು. ಆ ಮಾತಿಗೆ ಬಲ ಬರಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದರು. ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಬಹಳಷ್ಟು ಕೋಶಗಳು ಒಮ್ಮೆಲೇ ಅಂಕೆಮೀರಿ ಸಂಕೇತ ಹೊರಡಿಸಿದಾಗ ಸೆಳವು ಬರುತ್ತದೆ. ಹಿಡಿದವರು ಹೊರಗಿನ ಯಾರೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಸರಿಯಾದ ಔಷಧಿ ಸಿಕ್ಕರೆ ಶೇ 70ರಷ್ಟು ಮಂದಿ ಸೆಳವಿಲ್ಲದೆ ಬದುಕಬಹುದು. ಇದು ಅಂಟುರೋಗವಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಮಾತ್ರ ಅಪಾಯ.

ವಿಜ್ಞಾನ ಬದಲಾದರೂ ಕಾನೂನು ಬದಲಾಗಲು ತಡವಾಯಿತು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಬರುವ ಮೂರ್ಛೆ ರೋಗವನ್ನು ಹುಚ್ಚಿನ ಜೊತೆಗೇ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆಯಲಾಗಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಆದರೂ ಹೆಣ್ಣು ನೋಡಲು ಬರುವವರಿಂದ ಮಾತ್ರೆಯ ಡಬ್ಬಿ ಬಚ್ಚಿಡುವ ಮನೆಗಳು ಇನ್ನೂ ಇವೆ.

ಎದುರಿಗೆ ಯಾರಿಗಾದರೂ ಸೆಳವು ಬಂದರೆ ಮಾಡಬೇಕಾದದ್ದು ಇಷ್ಟು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ. ಕತ್ತಿನ ಗುಂಡಿ ಸಡಿಲಿಸಿ, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡುತ್ತಿರಿ. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಸಾಗಿಸಿ. ಎಚ್ಚರವಾಗುವವರೆಗೂ ಜೊತೆಯಲ್ಲಿರಿ.

ಮರುದಿನ ಆ ಹುಡುಗಿಯ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದನ್ನು ಮಾತ್ರ ಯಾವ ವೈದ್ಯರೂ ಬರೆದುಕೊಡಲಾರರು. ಅದನ್ನು ಗೆಳತಿಯರೇ ಮಾಡಬೇಕು.