ಹದಿನಾರರ ಹಾಡು, ಮೂವತ್ತೈದರ ಕಿವಿ

ಹೊನ್ನಾವರ, ಕುಮಟಾ, ಭಟ್ಕಳಗಳ ಕಡೆ ಹುಟ್ಟಿ ಬೆಳೆದವರನ್ನು “ನಿಮ್ಮ ಮೆಚ್ಚಿನ ಮೇಳ ಯಾವುದು?” ಎಂದು ಕೇಳಿ ನೋಡಿ. ಉತ್ತರಕ್ಕೆ ಅವರು ತಡವರಿಸುವುದಿಲ್ಲ. ಆ ಉತ್ತರದಿಂದಲೇ ಅವರ ಪ್ರಾಯವನ್ನು ಹೆಚ್ಚುಕಡಮೆ ಊಹಿಸಬಹುದು. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದಲ್ಲಿ ಅವರ ವೇಷವನ್ನೇ ಕಂಡವರದು ಒಂದು ತಲೆಮಾರು. ಅವರ ಮಗ ಶಂಭು ಹೆಗಡೆಯವರ ಕಾಲವೇ ಕಾಲವೆನ್ನುವವರು ಅದರ ಈಚಿನವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತಕ್ಕೆ, ಕಾಳಿಂಗ ನಾವಡರ ಪದ್ಯಕ್ಕೆ ಮನಸೋತವರದು ಬೇರೆಯೇ ಒಂದು ಪಂಗಡ. ಇನ್ನೂ ಚಿಕ್ಕವರು, ೨೦೦೮ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ರಘು ದೀಕ್ಷಿತರ ತಂಡವನ್ನು ಹೆಸರಿಸಿದರೂ ಆಶ್ಚರ್ಯವಿಲ್ಲ. ಅದರಲ್ಲಿ ತಪ್ಪೂ ಇಲ್ಲ: ಭಾಗವತ, ಮದ್ದಳೆ, ಚಂಡೆ, ಶ್ರುತಿಪೆಟ್ಟಿಗೆ ಸೇರಿದ ನಮ್ಮ ಹಿಮ್ಮೇಳವೂ ಒಂದು ‘ಬ್ಯಾಂಡ್’ ಅಲ್ಲದೆ ಮತ್ತೇನು?

ವಿಚಿತ್ರವೆಂದರೆ, ಇವರೆಲ್ಲರೂ ಕಡೆಗೆ ಹೇಳುವ ಮಾತು ಒಂದೇ: “ಈಗಿನದರಲ್ಲಿ ಆ ಸ್ವಾರಸ್ಯವಿಲ್ಲ.” ಎಪ್ಪತ್ತರ ಮುದುಕರ ಪ್ರಕಾರ ಸ್ವಾರಸ್ಯವು ಐವತ್ತು ವರ್ಷಗಳ ಹಿಂದೆ ಮುಗಿಯಿತು, ಮೂವತ್ತೈದರವರ ಪ್ರಕಾರ ಹದಿನೇಳು ವರ್ಷಗಳ ಹಿಂದೆ. ಎಲ್ಲರ ಮಾತೂ ಏಕಕಾಲದಲ್ಲಿ ಸತ್ಯವಾಗಿರಲಾರದು. ಹಾಗೆಂದು ಎಲ್ಲವನ್ನೂ ಭ್ರಮೆಯೆಂದು ತಳ್ಳಿಹಾಕುವುದೂ ವಿಜ್ಞಾನದ ಮಾರ್ಗವಲ್ಲ. ಹದಿನಾರರಲ್ಲಿ ಕೇಳಿದ ಹಾಡನ್ನು ಮೂವತ್ತೈದರಲ್ಲಿ ಮತ್ತೆ ಕೇಳಿದಾಗ ನಿಜವಾಗಿ ಬದಲಾಗಿರುವುದು ಯಾವುದು? ವಾದ್ಯವೆ, ಅದನ್ನು ತಂದು ಮುಟ್ಟಿಸಿದ ಗಾಳಿಯೆ, ಸುರುಳಿಯೆ, ಕಿವಿಯೆ, ಅಥವಾ ಮನಸ್ಸೆ?

ಮೊದಲು ವಾದ್ಯವನ್ನು ವಿಚಾರಿಸೋಣ. ಬಿಗಿದ ಚರ್ಮವನ್ನು ಬಡಿದಾಗ ಅದು ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಅನೇಕ ರೀತಿಗಳಲ್ಲಿ ಒಟ್ಟಿಗೆ ಕಂಪಿಸುವುದು. ಎಲ್ಲೆಡೆಯೂ ಸಮನಾದ ತೆಳು ಪೊರೆಯಲ್ಲಿ ಈ ಕಂಪನಗಳ ಆವೃತ್ತಿಗಳು ೧, ೧.೫೯, ೨.೧೪, ೨.೩೦, ೨.೬೫ ಎಂಬ ಅಡ್ಡಾದಿಡ್ಡಿ ಪ್ರಮಾಣದಲ್ಲಿರುವುವು. ಇವು ಒಂದಕ್ಕೊಂದು ಹೊಂದುವುದಿಲ್ಲವಾದುದರಿಂದ ಅಂತಹ ಪೊರೆಯಲ್ಲಿ ಸದ್ದು ಹುಟ್ಟೀತು, ಸ್ಪಷ್ಟವಾದ ಸ್ವರ ಹುಟ್ಟದು. ಆದರೆ ಮದ್ದಳೆಯ ಬಲಮುಖದ ನಡುವೆ ಕರಿಯ ಲೇಪವೊಂದಿದೆಯಷ್ಟೆ. ಇಂತಹ ಲೇಪವುಳ್ಳ ಭಾರತೀಯ ವಾದ್ಯಗಳನ್ನು ಸಿ. ವಿ. ರಾಮನ್ ಅವರು ಪರೀಕ್ಷಿಸಿ, ೧೯೨೦ರಲ್ಲಿ ಶಿವಕಾಲಿ ಕುಮಾರರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, ೧೯೩೪ರಲ್ಲಿ ಮತ್ತಷ್ಟು ವಿಸ್ತಾರವಾಗಿಯೂ ಬರೆದರು. ನಡುವಣ ಭಾರದಿಂದ ಪೊರೆಯ ಕಂಪನಗಳು ೧, ೨, ೩, ೪, ೫ ಎಂಬ ಸರಳ ಪ್ರಮಾಣಕ್ಕೆ ಬಂದು ಕೂಡುವುವೆಂದು ಅವರು ತೋರಿಸಿದರು. ತಂತಿವಾದ್ಯಕ್ಕೆ ಸಹಜವಾದ ಈ ಗುಣವನ್ನು ಚರ್ಮಕ್ಕೆ ತಂದುಕೊಟ್ಟವರು ಗಣಿತವನ್ನು ಬಲ್ಲವರಲ್ಲ. ಲೇಪವನ್ನು ಸ್ವಲ್ಪ ಸ್ವಲ್ಪವಾಗಿ ಹಚ್ಚಿ, ಬಡಿದು ಕೇಳಿ, ಮತ್ತೆ ಹಚ್ಚಿದ ಕುಶಲಕರ್ಮಿಗಳು. ಆದುದರಿಂದಲೇ ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸಲು ಸಾಧ್ಯವಾಗಿದೆ.

ಇಡಗುಂಜಿ ಮೇಳ ಹುಟ್ಟಿದ್ದೂ ರಾಮನ್ನರ ಎರಡನೆಯ ಲೇಖನ ಪ್ರಕಟವಾದದ್ದೂ ಒಂದೇ ವರ್ಷವೆಂಬುದು ಬರಿಯ ಕಾಕತಾಳೀಯ. ಆದರೂ ಹೊನ್ನಾವರದ ಕಡೆಯ ಭೌತವಿಜ್ಞಾನದ ಅಧ್ಯಾಪಕನೊಬ್ಬನು ಇದನ್ನು ತರಗತಿಯಲ್ಲಿ ಹೇಳದೆ ಬಿಡುವುದು ಕಷ್ಟ. ಇರಲಿ. ಹದಿನೇಳು ವರ್ಷಗಳಲ್ಲಿ ಪೊರೆಯ ಭೌತನಿಯಮವೇನೂ ಬದಲಾಗಿಲ್ಲ. ವಾದ್ಯ ನಿರಪರಾಧಿ.

ಗಾಳಿಯ ವಿಷಯ ಹಾಗಲ್ಲ. ಕೊಯ್ಲಾದ ಗದ್ದೆಯ ಬಯಲಿನಲ್ಲಿ ಆಟವಾಗುವಾಗ ಚಂಡೆಯ ಸದ್ದು ಎರಡು ಊರಿನಾಚೆಗೂ ಕೇಳುವುದು; ಅದೇ ಚಂಡೆಯನ್ನು ಹಗಲಿನಲ್ಲಿ ಬಾರಿಸಿದರೆ ಅಷ್ಟು ದೂರ ಮುಟ್ಟದು. ರಾತ್ರಿಯ ನಿಶ್ಶಬ್ದವೊಂದೇ ಇದಕ್ಕೆ ಕಾರಣವಲ್ಲ. ಚಳಿಗಾಲದ ತಿಳಿಯಾದ ಇರುಳಿನಲ್ಲಿ ನೆಲ ಬೇಗ ತಣಿದು, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುವುದು. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುವುದು. ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು ೦.೬ ಮೀಟರಿನಷ್ಟು ಹೆಚ್ಚುವುದರಿಂದ, ಮೇಲಕ್ಕೆ ಹೊರಟ ತರಂಗದ ಮೇಲ್ಭಾಗ ಮುಂದೋಡಿ ತರಂಗವು ನೆಲದ ಕಡೆಗೇ ಬಾಗುವುದು. ಹಗಲಿನಲ್ಲಿ ಇದಕ್ಕೆ ವಿರುದ್ಧ: ಸದ್ದು ಆಕಾಶಕ್ಕೆ ಬಾಗಿ ಹೋಗುವುದು. ಮನೆಯಂಗಳದಲ್ಲಿ ನಿಂತು, ಒಂದು ಕಿಲೋಮೀಟರಿನಾಚೆಯಿಂದ ಸುಮಾರು ಮೂರು ಸೆಕೆಂಡು ತಡವಾಗಿ ಬರುವ ಚಂಡೆಯನ್ನು ಕೇಳಿ ಬೆಳೆದವನಿಗೆ, ಸಭಾಂಗಣದ ನಾಲ್ಕು ಗೋಡೆಗಳ ನಡುವಣ ಚಂಡೆ ಬೇರೆಯಾಗಿ ತೋರಿದರೆ ಅದು ಭ್ರಮೆಯಲ್ಲ. ಅದು ಬೇರೆಯೇ.

ಆದರೆ ನಮ್ಮಲ್ಲಿ ಬಹುಮಂದಿ ತಮ್ಮ ಮೆಚ್ಚಿನ ಹಾಡನ್ನು ಹೆಚ್ಚು ಸಲ ಕೇಳಿರುವುದು ಬಯಲಿನಲ್ಲಿ ಅಲ್ಲ, ಕ್ಯಾಸೆಟ್ಟಿನಲ್ಲಿ. ನಾವಡರು ೧೯೯೦ರಲ್ಲಿ, ಮೂವತ್ತರ ಆಚೀಚಿನ ಪ್ರಾಯದಲ್ಲಿಯೇ, ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ನನ್ನ ಓರಗೆಯವರು ಅವರನ್ನು ಬಲ್ಲದ್ದು ಸುರುಳಿಯ ಮೂಲಕವೇ. ಈ ಸುರುಳಿಯ ಲೆಕ್ಕ ಸ್ವಾರಸ್ಯವಾಗಿದೆ. ಫಿಲಿಪ್ಸ್ ಕಂಪೆನಿ ೧೯೬೩ರಲ್ಲಿ ಹೊರತಂದ ಕ್ಯಾಸೆಟ್ಟಿನಲ್ಲಿ ಸುರುಳಿ ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ಓಡುವುದು. ಸೆಕೆಂಡಿಗೆ ಹತ್ತು ಸಾವಿರ ಕಂಪನಗಳ ಸ್ವರವೊಂದನ್ನು ಮುದ್ರಿಸಿದರೆ, ಸುರುಳಿಯ ಮೇಲೆ ಅದರ ಒಂದು ತರಂಗ ಹಿಡಿಯುವ ಜಾಗ ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗಕ್ಕಿಂತಲೂ ಕಡಮೆ! ಓದುವ ತಲೆಗೂ ಸುರುಳಿಗೂ ನಡುವೆ ಕಣವೊಂದು ಸಿಕ್ಕಿದರೂ ಸಾಕು, ಆ ತರಂಗ ಕಳೆದುಹೋಗುವುದು. ಹೀಗಾಗಿ ಸವೆದ ಸುರುಳಿಯಲ್ಲಿ ಮೊದಲು ಸಾಯುವುವು ಮೇಲಿನ ಆವೃತ್ತಿಗಳು. ಚಂಡೆಯ ಮೊನಚೆಲ್ಲ ಅಲ್ಲಿಯೇ ಇರುವುದರಿಂದ, ಹಳೆಯ ಕ್ಯಾಸೆಟ್ಟಿನಲ್ಲಿ ಚಂಡೆಯು ಗೋಣಿಚೀಲದ ಕೆಳಗಿಟ್ಟ ಹಲಗೆಯನ್ನು ಬಡಿದಂತೆ ಕೇಳುವುದು.

ಮದ್ದಳೆ ಮಾತ್ರ ಬದುಕಿಕೊಳ್ಳುವುದು, ಅದೂ ರಾಮನ್ನರು ಹೇಳಿದ ಕಾರಣದಿಂದಲೇ. ಬಸ್ಸಿನ ಅಂಗೈಯಗಲದ ಧ್ವನಿವರ್ಧಕ ಸೆಕೆಂಡಿಗೆ ನೂರು ಕಂಪನಗಳ ಮಂದ್ರಸ್ವರವನ್ನು ಹೊರಡಿಸಲಾರದು. ಆದರೆ ಇನ್ನೂರು, ಮುನ್ನೂರು, ನಾನ್ನೂರು ಕಂಪನಗಳ ಉಪಸ್ವರಗಳು ಹೊರಟರೆ ಸಾಕು, ಇವುಗಳಿಗೆ ಮೂಲವಾದ ನೂರನ್ನು ಕಿವಿ-ಮಿದುಳುಗಳು ತಾವೇ ತುಂಬಿಕೊಳ್ಳುವುವು. ಉಪಸ್ವರಗಳು ಸರಳ ಪ್ರಮಾಣದಲ್ಲಿದ್ದರೆ ಮಾತ್ರ ಈ ಉಪಕಾರ ದೊರೆಯುವುದು.

ಸುರುಳಿಯ ಇನ್ನೊಂದು ಚೇಷ್ಟೆ ಶ್ರುತಿಗೆ ಸಂಬಂಧಿಸಿದ್ದು. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಸ್ವರದಷ್ಟು ಏರುವುದು. ತಾಳವೂ ಅದೇ ಪ್ರಮಾಣದಲ್ಲಿ ಓಡುವುದು. ಬಯಲಿನಲ್ಲಿ ಸೆಲ್ಲು ಹಾಕಿದ ಯಂತ್ರದಿಂದ ಇಡೀ ರಾತ್ರಿ ಮುದ್ರಿಸಿಕೊಂಡವರನ್ನು ನೆನೆಯಿರಿ. ಬೆಳಗಾಗುತ್ತ ಸೆಲ್ಲು ಸೋತು ಸುರುಳಿ ನಿಧಾನವಾಗುವುದು. ಅದನ್ನು ಮನೆಗೆ ತಂದು ಸರಿಯಾದ ವೇಗದಲ್ಲಿ ಹಾಕಿದಾಗ, ಬೆಳಗಿನ ಜಾವಕ್ಕೆ ಭಾಗವತರ ಕಂಠ ಏರುತ್ತ ಏರುತ್ತ ಹೋದಂತೆ ಕೇಳುವುದು. “ಅವರ ಕಂಠಕ್ಕೆ ಬೆಳಗಿನ ಜಾವ ಎಂತಹ ಕಸುವು!” ಎಂದು ಹೊಗಳುವ ಮುನ್ನ ಅಭಿಮಾನಿಗಳು ಸೆಲ್ಲನ್ನು ಸ್ವಲ್ಪ ಶಂಕಿಸಬೇಕು.

ನಿಜಸ್ಥಿತಿಯನ್ನು ಕಂಡುಹಿಡಿಯಲು ಒಂದು ಉಪಾಯವುಂಟು. ಊರಿನ ವಿದ್ಯುತ್ತಿನಿಂದ ನಡೆದ ಧ್ವನಿವರ್ಧಕದ ‘ಗುಂಯ್’ ಎಂಬ ಸದ್ದು ಅನೇಕ ಸುರುಳಿಗಳಲ್ಲಿ ಸೇರಿಕೊಂಡಿರುವುದು. ನಮ್ಮ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ ೫೦. ಆದುದರಿಂದ ಈ ಗುಂಯ್‌ಕಾರವು ೫೦ ಅಥವಾ ಅದರ ಇಮ್ಮಡಿಯಾದ ೧೦೦ರಲ್ಲಿ ಇರಬೇಕು. ಧ್ವನಿಯ ಆವೃತ್ತಿಗಳನ್ನು ಬಿಡಿಸಿ ತೋರಿಸುವ ತಂತ್ರಾಂಶ ಈಗ ಕೈಯ ಫೋನಿನಲ್ಲಿಯೇ ದೊರೆಯುವುದು. ಅದರಲ್ಲಿ ೧೦೦ರ ಬದಲು ೧೦೬ ಎಂದು ತೋರಿದರೆ ಸುರುಳಿ ನೂರಕ್ಕೆ ಆರರಷ್ಟು ಬೇಗ ಓಡುತ್ತಿದೆಯೆಂದೇ ಅರ್ಥ. ಇಡೀ ತಲೆಮಾರು ದೋಷವೆಂದು ಬೈದ ಸದ್ದೊಂದು ಹೀಗೆ ಅಳತೆಗೋಲಾಗಿ ಒದಗುವುದನ್ನು ಕಂಡರೆ ನನಗೆ ಪ್ರತಿಸಲವೂ ಸಂತೋಷವಾಗುವುದು.

ಇನ್ನು ಕಿವಿ. ಎಳೆಯ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಬಲ್ಲುದು. ಮೂವತ್ತು ದಾಟಿದ ಅನೇಕರಿಗೆ ಹದಿನೇಳು ಸಾವಿರ ಕೇಳದು. ಆದರೆ ಪಿಯಾನೋವಿನ ತೀರ ಮೇಲಿನ ಸ್ವರವೂ ೪,೧೮೬ ಮಾತ್ರ. ಆದಕಾರಣ ಮೂವತ್ತೈದರ ವಯಸ್ಸಿನಲ್ಲಿ ಸಂಗೀತದ ಸ್ವಾರಸ್ಯವನ್ನು ಕಿವಿಯ ಮುಪ್ಪು ಕದ್ದಿತೆನ್ನುವುದು ನೆಪ. ದೊಡ್ಡ ಸದ್ದು ಕದಿಯುವುದು ಬೇರೆ ಮಾತು. ಒಳಗಿವಿಯಲ್ಲಿರುವ ಸುಮಾರು ಹದಿನೈದು ಸಾವಿರ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ೮೫ ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಲೆಕ್ಕ. ಪ್ರತಿ ಮೂರು ಡೆಸಿಬೆಲ್ಲಿಗೂ ಈ ಕಾಲ ಅರ್ಧವಾಗುತ್ತ ೧೦೦ ಡೆಸಿಬೆಲ್ಲಿಗೆ ಕಾಲುಗಂಟೆ ಉಳಿಯುವುದು. ಕಿವಿಯೊಳಗೆ ಪುಟ್ಟ ಯಂತ್ರವನ್ನಿಟ್ಟುಕೊಂಡು ಹಾಡು ಕೇಳುವ ನನ್ನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡುವುದು ಒಳ್ಳೆಯದು.

ಉಳಿದದ್ದು ಮನಸ್ಸು. ಇಲ್ಲಿಯೇ ನಿಜವಾದ ಗುಟ್ಟಿದೆ. ವಯಸ್ಸಾದವರನ್ನು ತಮ್ಮ ಜೀವನದ ಘಟನೆಗಳನ್ನು ನೆನೆಸಿಕೊಳ್ಳಲು ಹೇಳಿದರೆ, ಸುಮಾರು ಹತ್ತರಿಂದ ಮೂವತ್ತರ ನಡುವಣ ವರ್ಷಗಳ ನೆನಪುಗಳು ಉಳಿದ ವರ್ಷಗಳವಕ್ಕಿಂತ ಹೆಚ್ಚಾಗಿ ಬರುವುವು. ನಕ್ಷೆ ಬರೆದರೆ ಅಲ್ಲೊಂದು ಗುಡ್ಡ ಏಳುವುದು. ಮೊದಲ ಗೆಳೆತನ, ಮೊದಲ ಪರೀಕ್ಷೆ, ಮೊದಲ ಸಲ ಮನೆಯವರಿಲ್ಲದೆ ಆಟಕ್ಕೆ ಹೋದದ್ದು: ಹೊಸತೆಲ್ಲ ಆ ಗುಡ್ಡದ ಮೇಲೆಯೇ ಇದೆ. ಆಗ ಕೇಳಿದ ಹಾಡು ಈ ಹೊಸತುಗಳೊಡನೆ ಹೆಣೆದುಕೊಳ್ಳುವುದು. ೨೦೧೧ರಲ್ಲಿ ಕೆನಡದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು, ತಮಗೆ ರೋಮಾಂಚವನ್ನುಂಟುಮಾಡುವ ಹಾಡುಗಳನ್ನು ಕೇಳುತ್ತಿರುವವರ ಮಿದುಳನ್ನು ಪರೀಕ್ಷಿಸಿದಾಗ, ಡೋಪಮೀನ್ ಎಂಬ ರಾಸಾಯನಿಕ ಸ್ರವಿಸುವುದು ಕಂಡಿತು. ಅದು ಮೆಚ್ಚಿನ ಭಾಗ ಬಂದಾಗ ಮಾತ್ರವಲ್ಲ, ಅದಕ್ಕೆ ಕೆಲವು ಕ್ಷಣ ಮೊದಲೇ, ಮಿದುಳಿನ ಬೇರೊಂದು ಭಾಗದಲ್ಲಿ ಸ್ರವಿಸತೊಡಗುವುದು! ಮುಂದೇನು ಬರುವುದೆಂದು ಬಲ್ಲವನಿಗೇ ಈ ಸುಖ ಮೀಸಲು. ನೂರು ಸಲ ಕೇಳಿದ ಪದ್ಯದ ಮುಂದೆ ಮೊದಲ ಸಲ ಕೇಳುವ ಪದ್ಯವು ಪಂದ್ಯಕ್ಕೆ ಇಳಿಯುವ ಮುನ್ನವೇ ಅರ್ಧ ಸೋತಿರುವುದು.

ಇನ್ನೊಂದು ಶೋಧ ನನ್ನ ಮನಸ್ಸನ್ನು ಹೆಚ್ಚು ಸೆಳೆಯಿತು. ಅಮೆರಿಕದ ಕ್ರುಮ್‌ಹಾನ್ಸಲ್ ಮತ್ತು ಜುಪ್ನಿಕ್ ಎಂಬವರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿನ ಯುವಕ ಯುವತಿಯರಿಗೆ ತಮ್ಮ ಕಾಲದ ಹಾಡುಗಳೊಡನೆ, ತಂದೆತಾಯಿಗಳು ಯುವಕರಾಗಿದ್ದ ಕಾಲದ ಹಾಡುಗಳೂ ವಿಶೇಷವಾಗಿ ಹತ್ತಿರವೆನಿಸಿದುವು. ಅವರು ಹುಟ್ಟುವುದಕ್ಕೆ ಮುಂಚಿನ ಹಾಡುಗಳವು. ನಾವಡರನ್ನು ಎಂದೂ ಕಾಣದ ನನ್ನ ಓರಗೆಯವರಿಗೆ ಅವರ ಪದ್ಯ ಸ್ವಂತದ್ದೆಂದು ಅನಿಸುವುದೇಕೆ ಎಂಬುದಕ್ಕೆ ಇದೇ ವಿವರಣೆಯೆಂದು ನಾನು ತಿಳಿಯುವೆನು. ಅದು ನಮ್ಮ ಹದಿಹರೆಯವಲ್ಲ, ಅಪ್ಪಂದಿರ ಹದಿಹರೆಯ. ಅಡಿಗೆಯ ಮನೆಯ ಟೇಪ್ ರಿಕಾರ್ಡರಿನ ಮೂಲಕ ನಮಗೆ ಬಂದ ಪಿತ್ರಾರ್ಜಿತ.

ಹಾಗಾದರೆ ಎಲ್ಲವೂ ನೆನಪಿನ ಆಟವೆ? ಅಲ್ಲವೆಂದೇ ನನ್ನ ಅಭಿಪ್ರಾಯ. ಆಗ ನಾವು ಕೇಳಿದ ನೂರಾರು ಹಾಡುಗಳಲ್ಲಿ ಕೆಟ್ಟವನ್ನು ಮರೆತು ಒಳ್ಳೆಯ ಹತ್ತನ್ನು ಮಾತ್ರ ಇಂದಿನ ಎಲ್ಲ ಹಾಡುಗಳೊಡನೆ ಹೋಲಿಸುತ್ತಿರುವೆವೆಂಬುದು ನಿಜ. ಆದರೂ ಎರಡನೆಯ ಸಲದ ಕೇಳ್ಮೆ ಜಳ್ಳನ್ನು ತೂರಿಬಿಡುವುದು. ೨೦೦೬ರ ‘ಮುಂಗಾರು ಮಳೆ’ಯ ಹಾಡುಗಳಲ್ಲಿ ಕೆಲವನ್ನು ಈಗಲೂ ಕೊನೆಯವರೆಗೆ ಕೇಳುವೆನು, ಅದರ ಹಿಂದೆಯೇ ಬಂದ ಅನುಕರಣೆಗಳಲ್ಲಿ ಒಂದನ್ನೂ ಕೇಳಲಾರೆ. ಹಿಮ್ಮೇಳದ ಸುರುಳಿಗಳಲ್ಲಿ, ಹದಿನಾರರಲ್ಲಿ ಮೈನವಿರೇಳಿಸಿದ ಚಂಡೆಯ ಅಬ್ಬರಕ್ಕಿಂತ, ಆಗ ಮುಂದಕ್ಕೆ ಓಡಿಸುತ್ತಿದ್ದ ನಿಧಾನಗತಿಯ ಪದ್ಯದಲ್ಲಿ ಮದ್ದಳೆಯು ಭಾಗವತರನ್ನು ಅನುಸರಿಸುವ ಬಗೆ ಈಗ ಹೆಚ್ಚು ಹಿಡಿಸುವುದು. ಹಳೆಯ ಸುರುಳಿಯಲ್ಲಿ ಹೊಸದೊಂದು ಕೇಳಿಸಿದರೆ ಅದು ನೆನಪಿನ ಕೆಲಸವಾಗಿರಲಾರದಷ್ಟೆ.

ಸಂಶಯವಿದ್ದವರು ಪ್ರಯೋಗ ಮಾಡಬಹುದು. ತಂದೆಯವರ ಹದಿಹರೆಯದ ಐದು ಹಾಡು, ನಿಮ್ಮ ಮೆಚ್ಚಿನ ಐದು, ಇಬ್ಬರೂ ಕೇಳದ ಐದು ಆರಿಸಿ ಬೆರೆಸಿರಿ. ಇಬ್ಬರೂ ಒಬ್ಬರ ಅಂಕವನ್ನು ಒಬ್ಬರು ನೋಡದೆ ಬರೆಯಿರಿ. ಎಲ್ಲ ಹಾಡುಗಳ ಗಟ್ಟಿತನವನ್ನೂ ಮೊದಲೇ ಸಮಮಾಡಿಕೊಳ್ಳಬೇಕು. ತುಸು ಗಟ್ಟಿಯಾಗಿ ಕೇಳುವುದನ್ನು ನಾವು ಉತ್ತಮವೆಂದೇ ಬಗೆಯುವೆವು. ಇಬ್ಬರೂ ಕೇಳದ ಐದರಲ್ಲಿ ಇಬ್ಬರ ಅಂಕವೂ ಕೂಡಿದುದು ಯಾವುದೋ, ಅದನ್ನು ಗಮನಿಸಿರಿ.

ಈ ಎಲ್ಲ ಪ್ರಯೋಗಗಳಿಗೂ ಸುರುಳಿ ಉಳಿದಿರಬೇಕು. ಶಂಭು ಹೆಗಡೆಯವರು ೨೦೦೯ರಲ್ಲಿ, ಚಿಟ್ಟಾಣಿಯವರು ೨೦೧೭ರಲ್ಲಿ ತೀರಿಕೊಂಡರು. ಅವರ ಆಟಗಳನ್ನು ಯಾರೋ ಮುದ್ರಿಸಿಕೊಂಡ ಸುರುಳಿಗಳು ನಮ್ಮ ಕಡೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಇವೆ. ಆದರೆ ಕರಾವಳಿಯ ಮಳೆಗಾಲದ ತೇವದಲ್ಲಿ ಬೂಷ್ಟು ಬೆಳೆಯುವುದು ಅಟ್ಟದ ಮೇಲಿನ ಹಪ್ಪಳಕ್ಕೆ ಮಾತ್ರವಲ್ಲ. ಬೂಷ್ಟು ಹಿಡಿದ ಸುರುಳಿಯನ್ನು ಶುಚಿಮಾಡದೆ ಓಡಿಸಿದರೆ ಅದೂ ಹಾಳು, ಯಂತ್ರವೂ ಹಾಳು. ಬಲ್ಲವರ ಕೈಗೆ ಕೊಡಬೇಕು. ಸುಸ್ಥಿತಿಯಲ್ಲಿರುವುದನ್ನು ಬೇಸಿಗೆಯ ಒಣ ದಿನಗಳಲ್ಲಿ ಗಣಕಕ್ಕೆ ಇಳಿಸಿಕೊಳ್ಳಿರಿ. ಸೆಕೆಂಡಿಗೆ ೪೪,೧೦೦ ಸಲ ಅಳೆದು, ಎರಡು ಪಥಗಳಲ್ಲಿ, ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು ೬೩೫ ಮೆಗಾಬೈಟ್ ಆಗುವುದು. ಎಂಟು ಗಂಟೆಗಳ ಇಡೀ ರಾತ್ರಿಯ ಆಟ ಐದು ಗಿಗಾಬೈಟಿನ ಸುಮಾರಿಗೆ ಮುಗಿಯುವುದು. ಎಂಪಿ೩ ಮಾಡಿದರೆ ಜಾಗ ಉಳಿದೀತು, ಆದರೆ ಕಿವಿಗೆ ಕೇಳದೆಂದು ಅದು ಕತ್ತರಿಸಿ ಎಸೆಯುವುದರಲ್ಲಿ ನಾಳೆಯ ಪರೀಕ್ಷಕನಿಗೆ ಬೇಕಾದುದೂ ಇರಬಹುದು. ‘ಗುಂಯ್’ ಸದ್ದನ್ನೂ ತೆಗೆಯಬೇಡಿರಿ. ಪ್ರಸಂಗ, ಊರು, ವರ್ಷ, ಭಾಗವತರ ಹಾಗೂ ಮದ್ದಳೆ ಚಂಡೆಯವರ ಹೆಸರುಗಳನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.